ಪದಚರ್ಚೆ: ‘ಅಲೀಲ್ ಡ್ರಾಪ್‌ಔಟ್’ಗೆ ಕನ್ನಡದಲ್ಲಿ ಏನನ್ನಬೇಕು?

ಪ್ರಶ್ನೆ: ವಿಧಿವಿಜ್ಞಾನ ಪ್ರಯೋಗಾಲಯದಲ್ಲಿ ಎಸ್‌ಎನ್‌ಪಿ ಟೈಪಿಂಗ್ (ಡಿಎನ್‌ಎಯಲ್ಲಿ ವ್ಯಕ್ತಿಯಿಂದ ವ್ಯಕ್ತಿಗೆ ಬದಲಾಗುವ ಒಂದೊಂದು ಅಕ್ಷರವನ್ನು ಓದುವ) ವಿಧಾನಗಳನ್ನು ಒರೆಗೆ ಹಚ್ಚುವ ಬಗ್ಗೆ ಒಂದು ಕೈಪಿಡಿ ಕನ್ನಡಕ್ಕೆ ಬರುತ್ತಿದೆ. ಅಂಥ ಸ್ಥಾನದಲ್ಲಿ ತಂದೆ, ತಾಯಿಯಿಂದ ಒಂದೊಂದರಂತೆ ಬರುವ ಅಕ್ಷರವೇ ಅಲೀಲ್. ಕರಡಿನಲ್ಲಿ ‘ಅಲೀಲ್ ಡ್ರಾಪ್‌ಔಟ್’ಗೆ ‘ಅಲೀಲ್ ಗೈರು’ ಎಂದು ಹಾಕಿದ್ದಾರೆ. ‘ಡ್ರಾಪ್‌ಇನ್’ಗೆ (ಮಾದರಿಯಲ್ಲಿಲ್ಲದ ಅಲೀಲ್ ಫಲಿತಾಂಶದಲ್ಲಿ ಕಾಣುವುದಕ್ಕೆ) ಪದವೇ ಹೊಳೆದಿಲ್ಲ. ಅರ್ಥ ಕೆಡದ ಜೋಡಿ ಪದ ಇದ್ದರೆ ದಯವಿಟ್ಟು ತಿಳಿಸಿ.

ಉತ್ತರ: ಮೇಡಂ, ‘ಗೈರು’ ಖಂಡಿತ ಬೇಡ. ಗೈರು ಎಂದರೆ ಬಂದೇ ಇಲ್ಲ ಎಂದಾಯಿತು. ಇಲ್ಲಿ ಅಲೀಲ್ ಮಾದರಿಯಲ್ಲಿ ಇತ್ತು, ಫಲಿತಾಂಶದಲ್ಲಿ ಮಾತ್ರ ಕಾಣಲಿಲ್ಲ. ಒಂದು ಸ್ಥಾನದಲ್ಲಿ ‘ಎ’, ‘ಜಿ’ ಎರಡೂ ಇರುವವನ ರಕ್ತದ ಕಲೆಯಿಂದ ‘ಜಿ’ ಬಿದ್ದುಹೋದರೆ ವರದಿಯಲ್ಲಿ ‘ಎಎ’ ಎಂದಷ್ಟೇ ಬರುತ್ತದೆ. ಆಗ ಕಲೆ ಅವನದೇ ಆಗಿದ್ದರೂ ತಾಳೆಯಾಗುವುದಿಲ್ಲ.

ಇದಕ್ಕೆ ನಮ್ಮ ವ್ಯಾಕರಣದಲ್ಲೇ ಪದಗಳಿವೆ. ಊರು, ಊರು ಸೇರಿ ‘ಊರೂರು’ ಆದಾಗ ಇದ್ದ ಸ್ವರ ಬಿಟ್ಟುಹೋಗುವುದು ಲೋಪ. ‘ಮನೆಯನ್ನು’ ಎನ್ನುವಾಗ ಇಲ್ಲದ ಯಕಾರ ಬಂದು ಸೇರುವುದು ಆಗಮ. ಹಾಗಾಗಿ ‘ಅಲೀಲ್ ಲೋಪ’, ‘ಅಲೀಲ್ ಆಗಮ’ ಎನ್ನಬಹುದು. ಒಂದಕ್ಷರದ ಜಾಗದಲ್ಲಿ ಇನ್ನೊಂದು ಬರುವ ಎಸ್‌ಎನ್‌ಪಿಯನ್ನೇ ‘ಆದೇಶ’ ಎನ್ನಲು ಆಸೆಯಾಗುತ್ತದೆ. ಆದರೆ ಕೋರ್ಟಿನ ಕಡತದಲ್ಲಿ ಆದೇಶಕ್ಕೆ ಬೇರೆಯೇ ಅರ್ಥ. ಎಸ್‌ಎನ್‌ಪಿ ಎಂದೇ ಇರಲಿ.

ಲೋಪ ಏಕಾಗುತ್ತದೆ ಎಂಬುದೂ ಕೈಪಿಡಿಯಲ್ಲಿ ಸ್ಪಷ್ಟವಾಗಿರಬೇಕು, ಏಕೆಂದರೆ ಅದರಲ್ಲಿ ಎರಡು ಬಗೆ. ಮನುಷ್ಯನ ಒಂದು ಜೀವಕೋಶದಲ್ಲಿ ಸುಮಾರು 6.6 ಪಿಕೊಗ್ರಾಂ ಡಿಎನ್‌ಎ ಇರುತ್ತದೆ. ಸೂಕ್ಷ್ಮತೆಯ ಪರೀಕ್ಷೆಯಲ್ಲಿ, ಎರಡು ಬೇರೆ ಅಲೀಲ್ ಇವೆಯೆಂದು ಮೊದಲೇ ಗೊತ್ತಿರುವ ಡಿಎನ್‌ಎಯನ್ನು 1 ನ್ಯಾನೊಗ್ರಾಂನಿಂದ ಅರ್ಧರ್ಧ ಮಾಡುತ್ತ 500, 250, 125, 62, 31 ಪಿಕೊಗ್ರಾಂವರೆಗೆ ಇಳಿಸಿ, ಪ್ರತಿ ಹಂತವನ್ನೂ ಕನಿಷ್ಠ ಮೂರು ಸಲ ಓಡಿಸುತ್ತಾರೆ. 31 ಪಿಕೊಗ್ರಾಂ ಎಂದರೆ ಹೆಚ್ಚುಕಡಿಮೆ ಐದೇ ಕೋಶದಷ್ಟು, ಅಂದರೆ ಪ್ರತಿ ಅಲೀಲಿನ ಐದೇ ಪ್ರತಿಗಳು. ಪಿಪೆಟ್ಟಿನಲ್ಲಿ ಎತ್ತುವಾಗಲೇ ಒಂದು ಅಲೀಲಿನ ನಾಲ್ಕು, ಇನ್ನೊಂದರ ಒಂದು ಬರಬಹುದು. ಇದು ಆಕಸ್ಮಿಕ ಲೋಪ. ಮತ್ತೆ ಓಡಿಸಿದರೆ ಅಲೀಲ್ ಮರಳಿ ಕಾಣಬಹುದು. ಪ್ರೈಮರ್ (ಪ್ರತಿ ಮಾಡುವ ಕೆಲಸ ಶುರುವಾಗಲು ಡಿಎನ್‌ಎಗೆ ಅಂಟುವ ಚಿಕ್ಕ ಎಳೆ) ಕೂರುವ ಜಾಗದಲ್ಲೇ ಆ ವ್ಯಕ್ತಿಗೆ ಬೇರೊಂದು ಅಕ್ಷರವಿದ್ದರೆ ಆಗುವುದು ಸ್ಥಿರ ಲೋಪ. ಎಷ್ಟು ಡಿಎನ್‌ಎ ಹಾಕಿದರೂ, ಎಷ್ಟು ಸಲ ಓಡಿಸಿದರೂ ಅದೇ ತಪ್ಪು ಉತ್ತರ ಬರುತ್ತದೆ. ಅದನ್ನು ಹಿಡಿಯಲು ಬೇರೆ ಪ್ರೈಮರ್ ಅಥವಾ ಬೇರೆ ವಿಧಾನವೇ ಬೇಕು. ಎರಡಕ್ಕೂ ಬರೀ ‘ಲೋಪ’ ಎಂದರೆ ಓದುವವರು ಮೊದಲನೆಯದನ್ನಷ್ಟೇ ಊಹಿಸಿಕೊಳ್ಳುತ್ತಾರೆ.

‘ಆಗಮ’ವನ್ನೂ ಹಿಡಿತದಲ್ಲಿ ಬಳಸಬೇಕು. ಹೊರಗಿನ ಡಿಎನ್‌ಎಯ ಚೂರು ಸೇರಿ ನಿಜವಾಗಿಯೇ ವರ್ಧಿಸಿದರೆ ಮಾತ್ರ ಆಗಮ. ಸ್ನ್ಯಾಪ್‌ಶಾಟ್ (ಆ ಸ್ಥಾನಕ್ಕೆ ಬಣ್ಣದ ಒಂದು ಅಕ್ಷರ ಅಂಟಿಸಿ, ಅದನ್ನು ಯಂತ್ರದಲ್ಲಿ ಪೀಕ್ ಅಂದರೆ ಶಿಖರದಂಥ ಗೆರೆಯಾಗಿ ಓದುವ) ವಿಧಾನದಲ್ಲಿ ಸುಳ್ಳು ಪೀಕ್‌ಗಳಿಗೆ ಬೇರೆ ಕಾರಣಗಳೂ ಇವೆ. ಪಿಸಿಆರ್ (ಡಿಎನ್‌ಎ ತುಣುಕಿನ ಪ್ರತಿಗಳನ್ನು ಹೆಚ್ಚಿಸುವ ಕ್ರಿಯೆ) ಮುಗಿದ ಮೇಲೆ ಕಿಣ್ವ ಹಾಕಿ 37 ಡಿಗ್ರಿಯಲ್ಲಿಟ್ಟು ಶುದ್ಧಿ ಮಾಡುವುದು ಅರ್ಧಕ್ಕೇ ನಿಂತರೆ, ಉಳಿದ ಪ್ರೈಮರ್‌ಗಳೂ ಬಣ್ಣದ ಅಕ್ಷರ ಅಂಟಿಸಿಕೊಂಡು ಪೀಕ್ ಕೊಡುತ್ತವೆ. ಉಳಿದ ಸಾದಾ (ಬಣ್ಣವಿಲ್ಲದ) ಅಕ್ಷರಗಳಾದ ನ್ಯೂಕ್ಲಿಯೊಟೈಡ್‌ಗಳಿಂದ ತೊಂದರೆ ಇನ್ನೊಂದು ಬಗೆಯದು: ಒಂದೇ ಅಕ್ಷರಕ್ಕೆ ನಿಲ್ಲಬೇಕಾದ ಎಳೆ ಮುಂದೆ ಬೆಳೆದುಬಿಡುತ್ತದೆ, ನಿಜವಾದ ಪೀಕ್ ಕುಗ್ಗುತ್ತದೆ. ಡಿಎನ್‌ಎ ಅತಿಯಾದರೆ ಒಂದು ಬಣ್ಣದ ಬೆಳಕು ಪಕ್ಕದ ಬಣ್ಣಕ್ಕೆ ಸೋರುತ್ತದೆ. ಅದನ್ನು ‘ಬಣ್ಣದ ಸೋರಿಕೆ’ ಎಂದೇ ಬರೆಯಿರಿ.

ಇನ್ನೊಂದು ಉತ್ತರ: ಸರ್, ಪದಗಳು ಚೆನ್ನಾಗಿವೆ. ಆದರೆ ಸರ್ಕಾರಿ ಕನ್ನಡದಲ್ಲಿ ಲೋಪ ಎಂದರೆ ತಪ್ಪು. ಕರ್ತವ್ಯಲೋಪ, ಲೋಪದೋಷ ಎಲ್ಲರ ಬಾಯಲ್ಲಿದೆ. ‘ಎರಡು ಸ್ಥಾನಗಳಲ್ಲಿ ಲೋಪ ಕಂಡುಬಂದಿದೆ’ ಎಂದು ವರದಿಯಲ್ಲಿ ಓದಿದ ವಕೀಲರು ಪ್ರಯೋಗಾಲಯದ ತಪ್ಪೊಪ್ಪಿಗೆ ಎಂದೇ ಹಿಡಿಯುತ್ತಾರೆ.

ಉತ್ತರ: ಈ ಆಕ್ಷೇಪ ಸರಿ. ಹಾಗಾದರೆ ಕೈಪಿಡಿಯಲ್ಲಿ ಯಾವಾಗಲೂ ‘ಅಲೀಲ್ ಲೋಪ’ ಎಂದು ಜೋಡಿಯಾಗಿಯೇ ಇರಲಿ, ಒಂಟಿ ‘ಲೋಪ’ ಎಲ್ಲಿಯೂ ಬೇಡ. ಕೋರ್ಟಿಗೆ ಹೋಗುವ ವರದಿಯಲ್ಲಿ ಪಾರಿಭಾಷಿಕ ಪದ ಬಿಟ್ಟು ವಾಕ್ಯವನ್ನೇ ಬರೆಯಬೇಕು: ‘ಈ ಸ್ಥಾನದಲ್ಲಿ “ಎ” ಮಾತ್ರ ಕಂಡಿದೆ. ಡಿಎನ್‌ಎ ಪ್ರಮಾಣ ಕಡಿಮೆಯಿರುವುದರಿಂದ ಇನ್ನೊಂದು ಅಲೀಲ್ ಇದ್ದೂ ಕಾಣದಿರುವ ಸಾಧ್ಯತೆಯನ್ನು ತಳ್ಳಿಹಾಕಲಾಗದು.’

ಇಂಥ ವಾಕ್ಯ ಯಾವ ಎತ್ತರದ ಪೀಕ್‌ಗೆ ಬೇಕು ಎಂಬ ಮಿತಿಯನ್ನು ಸ್ಥಾನದಿಂದ ಸ್ಥಾನಕ್ಕೆ ಬೇರೆಯಾಗಿಯೇ ಗೊತ್ತುಮಾಡಬೇಕು. ಸ್ನ್ಯಾಪ್‌ಶಾಟ್‌ನ ನಾಲ್ಕು ಬಣ್ಣಗಳ ಹೊಳಪು ಒಂದೇ ಸಮ ಇರುವುದಿಲ್ಲ. ಎರಡೂ ಅಲೀಲ್ ಸರಿಸಮ ಇದ್ದಾಗಲೂ ‘ಜಿ’ಯ ನೀಲಿ ಪೀಕ್ ‘ಟಿ’ಯ ಕೆಂಪು ಪೀಕ್‌ಗಿಂತ ಎತ್ತರ ಕಾಣುವುದುಂಟು. 2006ರಲ್ಲಿ ಪ್ರಕಟವಾದ ಎಸ್‌ಎನ್‌ಪಿಫಾರ್‌ಐಡಿ ಎಂಬ ಯುರೋಪಿನ ಸಂಶೋಧನಾ ತಂಡದ 52 ಸ್ಥಾನಗಳ ಜೋಡಣೆಯಲ್ಲಿ 59ರಿಂದ 115 ಬೇಸ್ ಉದ್ದದ ತುಣುಕುಗಳನ್ನು ಒಂದೇ ಪಿಸಿಆರ್‌ನಲ್ಲಿ ವರ್ಧಿಸಿ, ಅಕ್ಷರ ಜೋಡಿಸುವ ಹಂತವನ್ನು 29 ಮತ್ತು 23 ಸ್ಥಾನಗಳ ಎರಡು ಕ್ರಿಯೆಗಳಾಗಿ ಒಡೆದಿದ್ದಾರೆ. ಅಷ್ಟು ಸ್ಥಾನಗಳಿಗೂ ಒಂದೇ ಮಿತಿ ಹಾಕಿದರೆ ಕೆಲವೆಡೆ ಅಲೀಲ್ ಲೋಪ ಗಮನಕ್ಕೇ ಬರುವುದಿಲ್ಲ, ಕೆಲವೆಡೆ ಒಳ್ಳೆಯ ಫಲಿತಾಂಶ ವ್ಯರ್ಥವಾಗುತ್ತದೆ. ಕೈಪಿಡಿಯ ಕೋಷ್ಟಕದಲ್ಲಿ ‘ಮಿತಿ’ ಎಂಬ ಅಂಕಣ ಪ್ರತಿ ಸ್ಥಾನದ ಎದುರಿಗೂ ಇದೆಯೇ ನೋಡಿ.