ಬಳ್ಳಾರಿಗೆ 1932ರಲ್ಲೇ ವಿಮಾನ ಬಂದಿತ್ತಾ?

ಕೋಟೆ ಹಿಂದಿನವ: ಮೊದಲ ಟಪಾಲು ವಿಮಾನ ನಮ್ಮೂರಲ್ಲಿ ಇಳಿದಿತ್ತು, ಅವರಪ್ಪ ಗಾಡಿ ಕಟ್ಟಿಕೊಂಡು ನೋಡಲು ಹೋಗಿದ್ದರು ಅಂತ ತಾತ ಹೇಳುತ್ತಿದ್ದರು. ಸುಮ್ನೆ ಬುರುಡೆ ಅಲ್ವಾ?

ಗಾಳಿಪಟ: ಬುರುಡೆ ಅಲ್ಲ ಮಾರಾಯ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಟಪಾಲು ತುಂಬಿಕೊಂಡು, ಅಹಮದಾಬಾದಿನಲ್ಲಿ ಪೆಟ್ರೋಲ್ ಹಾಕಿಸಿಕೊಂಡು ಮುಂಬೈಗೆ ಬಂದರು. ಅಲ್ಲಿಂದ ಬಳ್ಳಾರಿ ಮೇಲೆ ಮದ್ರಾಸಿಗೆ ಒಯ್ದವರು ನೆವಿಲ್ ವಿನ್ಸೆಂಟ್. ಪುಸ್ ಮಾತ್ ವಿಮಾನ, ಇದ್ದದ್ದು ಒಂದೇ ಎಂಜಿನ್. ಎಲ್ಲರೂ ಟಾಟಾ ಹೆಸರೇ ಹೇಳುತ್ತಾರೆ, ನಮ್ಮೂರಿಗೆ ಬಂದವರನ್ನು ಮರೆತೇಬಿಟ್ಟಿದ್ದೇವೆ.

ರಾಯಚೂರು ಬಿಸಿಲು: ನಮ್ಮಲ್ಲಿಗೆ ಯಾಕೆ ಬರಲಿಲ್ಲ? ನಕ್ಷೆಯ ಮೇಲೆ ಸ್ಕೇಲ್ ಇಟ್ಟು ನೋಡಿದೆ, ಮುಂಬೈ–ಮದ್ರಾಸ್ ಗೆರೆ ಸಿಂಧನೂರು, ಸಿರುಗುಪ್ಪದ ಹತ್ತಿರ ಹಾಯುತ್ತದೆ!

ಕೋಟೆ ಹಿಂದಿನವ: ಸಿರುಗುಪ್ಪ ನಮ್ಮ ಜಿಲ್ಲೆ, ಜಾಸ್ತಿ ಮಾತಾಡಬೇಡಿ.