ತರಗತಿಯಲ್ಲಿ ‘ಪುಢೀಲ ಸ್ಟೇಷನ್ ದಾದರ್’: ಆಟಿಸಂ ಇರುವ ಹುಡುಗನ ಸದ್ದು, ಮರುನುಡಿ, ಕೂಗು

ಕನ್ನಡ ಶಾಲೆ ಟೀಚರ್, ಮುಂಬಯಿ

ಎಲ್ಲರಿಗೂ ನಮಸ್ಕಾರ. ಕನ್ನಡ ಮಾಧ್ಯಮದ ನಾಲ್ಕನೇ ತರಗತಿ, 26 ಮಕ್ಕಳು. ಅವರಲ್ಲಿ ಒಬ್ಬ ಹುಡುಗನಿಗೆ 9 ವರ್ಷ, ಆಟಿಸಂ (ಮಾತು, ಒಡನಾಟದ ರೀತಿ ಬೇರೆಯಾಗಿರುವ ಬೆಳವಣಿಗೆಯ ಸ್ಥಿತಿ) ಎಂದು ಸರ್ಟಿಫಿಕೇಟ್ ಆಗಿದೆ. ಮನೆಮಾತು ಕನ್ನಡ, ಕೆಳಗಿಳಿದರೆ ಮರಾಠಿ ಮತ್ತು ಹಿಂದಿ. ಅವನ ಬಾಯಿಂದ ಬರುವ ಸದ್ದುಗಳನ್ನು ನಾನು ನಾಲ್ಕು ಬಗೆಯಾಗಿ ಗುರುತಿಸಿದ್ದೇನೆ.

ಬರೆಯುವಾಗ ಬಾಯಿ ಮುಚ್ಚಿಕೊಂಡೇ ‘ಮ್‌ಮ್‌ಮ್’ ಎಂದು ಒಂದೇ ಸಮನೆ ಗುಂಯ್‌ಗುಡುತ್ತಾನೆ. ಎರಡನೆಯದು ಮಾತಿನ ಪುನರಾವರ್ತನೆ: ‘ನೀರು ಬೇಕಾ?’ ಅಂದರೆ ‘ನೀರು ಬೇಕಾ?’ ಅಂತಲೇ ಉತ್ತರ. ಒಂದೊಂದು ಸಲ ಏಕಾಏಕಿ ‘ಪುಢೀಲ ಸ್ಟೇಷನ್ ದಾದರ್, ಅಗಲಾ ಸ್ಟೇಷನ್ ದಾದರ್’ (ಮರಾಠಿ, ಹಿಂದಿಯಲ್ಲಿ ‘ಮುಂದಿನ ಸ್ಟೇಷನ್ ದಾದರ್’) ಎಂದು ಲೋಕಲ್ ಟ್ರೇನಿನ ಘೋಷಣೆಯ ಅದೇ ರಾಗದಲ್ಲಿ. ಮೂರನೆಯದು ಮೂರು ತಿಂಗಳಿಂದ ಶುರುವಾದದ್ದು: ಗಂಟಲು ಕೆರೆಯುವ ಸದ್ದು, ಈಗ ಅದರ ಜೊತೆ ಸಣ್ಣದೊಂದು ‘ಹಿಕ್’. ಕೆಲವು ವಾರ ಇರುವುದೇ ಇಲ್ಲ, ಕೆಲವು ವಾರ ಲೆಕ್ಕವಿಡಲು ಆಗುವುದಿಲ್ಲ. ಕೆಮ್ಮಿನ ಸಿರಪ್ ಕೊಟ್ಟರೂ ಹೋಗಿಲ್ಲ. ನಾಲ್ಕನೆಯದು ವಾರಕ್ಕೆ ಎರಡು ಸಲ ಬರುವ ಜೋರು ಕಿರುಚಾಟ, ಹೆಚ್ಚಾಗಿ ಡಬ್ಬಿ ಬಿಡುವು ಮುಗಿದ ಮೇಲೆ.

ಇವುಗಳಲ್ಲಿ ಯಾವುದು ಅವನ ಹಿಡಿತದಲ್ಲಿದೆ, ಯಾವುದಿಲ್ಲ? ಯಾವುದಕ್ಕೆ ಏನು ಮಾಡಬೇಕು? ಮನೆಯಲ್ಲೂ ಪಕ್ಕದವರು ಗೋಡೆ ಬಡಿಯುತ್ತಾರಂತೆ. ಅದಕ್ಕೂ ದಾರಿ ಇದ್ದರೆ ಹೇಳಿ.

ಸ್ಪೀಚ್ ಥೆರಪಿಸ್ಟ್, ಪುಣೆ

ಮೇಡಂ, ನೀವು ಬೇರೆ ಬೇರೆ ಮಾಡಿ ಬರೆದದ್ದರಿಂದಲೇ ಅರ್ಧ ಕೆಲಸ ಆಗಿದೆ. ನಾಲ್ಕಕ್ಕೂ ಕಾರಣ ಬೇರೆ, ಉಪಾಯವೂ ಬೇರೆ. ಎಲ್ಲವನ್ನೂ ‘ಗಲಾಟೆ’ ಎಂದು ಒಂದೇ ಚೀಲಕ್ಕೆ ತುಂಬಿ ‘ಸುಮ್ಮನಿರು’ ಎನ್ನುವುದೇ ಶಾಲೆಗಳಲ್ಲಿ ಆಗುವ ದೊಡ್ಡ ತಪ್ಪು. ನಾನು ಎರಡನೆಯದರ ಬಗ್ಗೆ ಬರೆಯುತ್ತೇನೆ.

ಕೇಳಿದ ಮಾತನ್ನು ಹಾಗೆಯೇ ತಿರುಗಿ ಹೇಳುವುದಕ್ಕೆ ಎಕೋಲೇಲಿಯಾ ಎನ್ನುತ್ತಾರೆ. 1943ರಲ್ಲಿ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ ಆಟಿಸಂ ಇರುವ 11 ಮಕ್ಕಳ ಬಗ್ಗೆ ಬರೆದ ಮೊದಲ ಲೇಖನದಲ್ಲೇ ಇದು ಇದೆ. ಬಹಳ ಕಾಲ ಇದನ್ನು ಅರ್ಥವಿಲ್ಲದ ಗಿಳಿಪಾಠ ಎಂದು ತಿಳಿದು ನಿಲ್ಲಿಸಲು ನೋಡುತ್ತಿದ್ದರು. 1980ರ ದಶಕದ ಮೊದಲಲ್ಲಿ ಮಾತಿನ ತಜ್ಞ ಬ್ಯಾರಿ ಪ್ರಿಜಂಟ್ ಮತ್ತು ಸಂಗಡಿಗರು ಮಕ್ಕಳ ವಿಡಿಯೊಗಳನ್ನು ಕೂತು ನೋಡಿ, ಈ ಮರುನುಡಿಯಲ್ಲಿ ಹೌದು ಎನ್ನುವುದು, ಬೇಕು ಎನ್ನುವುದು, ಮಾತಿನ ಸರದಿ ತುಂಬುವುದು, ತನಗೆ ತಾನೇ ಹೇಳಿಕೊಂಡು ಅರ್ಥ ಮಾಡಿಕೊಳ್ಳುವುದು ಹೀಗೆ ಹಲವು ಕೆಲಸ ನಡೆಯುತ್ತದೆ ಎಂದು ತೋರಿಸಿದರು.

‘ನೀರು ಬೇಕಾ?’ ಎಂದು ತಿರುಗಿ ಹೇಳಿ ಕೈ ಬಾಟಲಿಯತ್ತ ಹೋದರೆ ಅದು ‘ಹೌದು’. ಹಾಗಾಗಿ ಪ್ರಶ್ನೆ ಕಡಿಮೆ ಮಾಡಿ. ಅವನು ಹೇಳಬೇಕಾದ ವಾಕ್ಯವನ್ನು ಅವನ ಬಾಯಿಂದ ಬಂದಂತೆ ನೀವೇ ಹೇಳಿ: ‘ನೀರು ಬೇಕು.’ ಹೇಳಿ 10 ಸೆಕೆಂಡು ಕಾಯಿರಿ, ಮನಸ್ಸಿನಲ್ಲಿ ಎಣಿಸಿಕೊಂಡೇ ಕಾಯಿರಿ, ಇಲ್ಲದಿದ್ದರೆ ಎರಡೇ ಸೆಕೆಂಡಿಗೆ ನಾವು ಬಾಯಿ ಹಾಕುತ್ತೇವೆ. ತಿರುಗಿ ಹೇಳದಿದ್ದರೂ ನೀರು ಕೊಡಿ. ಇಂಗ್ಲಿಷ್ ಪುಸ್ತಕಗಳು ‘ನಾನು’, ‘ನೀನು’ ಅದಲುಬದಲಾಗುವುದನ್ನು ಗಮನಿಸಿ ಎನ್ನುತ್ತವೆ. ನಾವು ‘ನಾನು’, ‘ನೀನು’ ಬಿಟ್ಟೇ ಮಾತಾಡುವುದು ಹೆಚ್ಚು, ಹಾಗಾಗಿ ಕನ್ನಡದಲ್ಲಿ ಅದು ಕ್ರಿಯಾಪದದ ಕೊನೆಯಲ್ಲಿ ಅಡಗಿರುತ್ತದೆ. ‘ಬರ್ತೀಯಾ?’ ಅಂದಾಗ ‘ಬರ್ತೀಯಾ’ ಎಂದು ಎದ್ದು ಬಂದರೆ ಅವನು ಹೇಳಿದ್ದು ‘ಬರ್ತೀನಿ’. ‘ಕೊಡ್ಲಾ?’ ಎಂದು ಕೈ ಚಾಚಿದರೆ ಅದು ‘ಕೊಡಿ’. ತಿದ್ದಬೇಡಿ, ಸರಿಯಾದ ರೂಪವನ್ನು ಒಮ್ಮೆ ಹೇಳಿ ಮುಂದೆ ಹೋಗಿ.

ಇನ್ನು ದಾದರ್. ಇದು ತಡವಾಗಿ ಬರುವ ಮರುನುಡಿ, ಯಾವುದೋ ಗಳಿಗೆಯಲ್ಲಿ ಇಡಿಯಾಗಿ ಕಲಿತ ವಾಕ್ಯ. ಪದಗಳ ಅರ್ಥ ಹುಡುಕಬೇಡಿ, ಯಾವಾಗ ಹೇಳುತ್ತಾನೆ ಎಂದು ನೋಡಿ. ಎರಡು ವಾರ ಒಂದು ನೋಟ್‌ಬುಕ್‌ನಲ್ಲಿ ಬರೆಯಿರಿ: ಗಂಟೆ, ಸ್ವಲ್ಪ ಮೊದಲು ಏನು ನಡೆಯಿತು, ಅವನು ಹೇಳಿದ ಮಾತು ಅಕ್ಷರಶಃ, ಎಷ್ಟು ಹೊತ್ತು, ಆಮೇಲೆ ಏನಾಯಿತು. ಪೀರಿಯಡ್ ಮುಗಿಯುವ ಹೊತ್ತಿಗೇ ಬರುತ್ತಿದ್ದರೆ ಅವನು ಕೇಳುತ್ತಿರುವುದು ‘ಮುಂದೇನು?’ ಎಂದು. ಆಗ ಒಂದು ಅಡಿ ಉದ್ದದ ರಟ್ಟಿನ ಪಟ್ಟಿಯಲ್ಲಿ ಆ ದಿನದ ಪೀರಿಯಡ್‌ಗಳನ್ನು ಸ್ಟೇಷನ್‌ಗಳ ಹಾಗೆ ಬರೆದು ಒಂದು ಬಟ್ಟೆ ಕ್ಲಿಪ್ ಸಿಕ್ಕಿಸಿ ಡೆಸ್ಕಿನ ಮೇಲಿಡಿ. ಅವನು ‘ಪುಢೀಲ ಸ್ಟೇಷನ್ ದಾದರ್’ ಎಂದಾಗ ‘ಮುಂದಿನ ಸ್ಟೇಷನ್ ಗಣಿತ’ ಎಂದು ಕ್ಲಿಪ್ಪನ್ನು ಅವನ ಕೈಯಿಂದಲೇ ಸರಿಸಿ. ಹೀಗೆ ಮಾಡುತ್ತ ಹೋದರೆ ವಾಕ್ಯ ಒಡೆಯುವ ಸಾಧ್ಯತೆ ಇದೆ: ಮೊದಲು ‘ಪುಢೀಲ ಸ್ಟೇಷನ್ ಗಣಿತ’, ಆಮೇಲೆ ‘ಮುಂದೆ ಗಣಿತ’.

‘ಅಮ್ಮ ಬರ್ತಾರಾ?’ ಎಂದು ಇಪ್ಪತ್ತು ಸಲ ಕೇಳುತ್ತಿದ್ದರೆ ಬಾಯಿಂದ ಒಂದೇ ಸಲ ಉತ್ತರಿಸಿ, ‘ಅಮ್ಮ 12.30ಕ್ಕೆ’ ಎಂದು ಚೀಟಿಯಲ್ಲಿ ಬರೆದು ಕೊಡಿ, ಮುಂದಿನ ಸಲ ಚೀಟಿ ತೋರಿಸಿ. ಹೇಳಿದ ಮಾತು ಗಾಳಿಯಲ್ಲಿ ಹೋಗುತ್ತದೆ, ಚೀಟಿ ಕೈಯಲ್ಲಿ ಉಳಿಯುತ್ತದೆ.

ಯಾರಾದರೂ ‘ಮನೆಯಲ್ಲಿ ಕನ್ನಡ ಬಿಡಿ, ಒಂದೇ ಭಾಷೆ ಇರಲಿ’ ಎಂದಿದ್ದರೆ ದಯವಿಟ್ಟು ಕೇಳಬೇಡಿ. ಎರಡು ಭಾಷೆ ಕೇಳಿ ಬೆಳೆಯುವುದರಿಂದ ಆಟಿಸಂ ಇರುವ ಮಕ್ಕಳ ಮಾತು ಹಿಂದೆ ಬೀಳುತ್ತದೆ ಎನ್ನುವುದಕ್ಕೆ ಸಂಶೋಧನೆಯ ಆಧಾರವಿಲ್ಲ. ಅಮ್ಮ ಮುದ್ದು ಮಾಡುವ ಭಾಷೆಯನ್ನು ಕಿತ್ತುಕೊಂಡರೆ ಅವನಿಗೆ ಉಳಿಯುವುದೇನು? ಶ್ರವಣ ಪರೀಕ್ಷೆ ಆಗಿಲ್ಲದಿದ್ದರೆ ಬಾಂದ್ರಾದ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆಯಲ್ಲಿ ಮಾಡಿಸಬಹುದು.

ಮಕ್ಕಳ ನರರೋಗ ವಿಭಾಗ, ಪಣಜಿ

ಮೂರನೆಯ ಸದ್ದು ಟಿಕ್ ಇರಬಹುದು, ಅಂದರೆ ಬೇಕೆಂದು ಮಾಡದೆ ಥಟ್ಟನೆ ಮತ್ತೆ ಮತ್ತೆ ಬರುವ ಸದ್ದು ಅಥವಾ ಚಲನೆ. ನೋಡದೆ ಖಚಿತವಾಗಿ ಹೇಳಲಾಗದು, ಆದರೆ ನೀವು ಕೊಟ್ಟ ವಿವರ ಅದಕ್ಕೇ ಹೊಂದುತ್ತದೆ: ಗಂಟಲು ಕೆರೆತದಿಂದ ಶುರು, ನಡುವೆ ಇನ್ನೊಂದು ಸದ್ದು ಸೇರಿದ್ದು, ವಾರಗಟ್ಟಲೆ ಮಾಯವಾಗಿ ಮತ್ತೆ ಬರುವುದು. ಟಿಕ್‌ಗಳು ಸಾಮಾನ್ಯವಾಗಿ 4ರಿಂದ 6 ವರ್ಷದ ನಡುವೆ ಕಾಣಿಸಿಕೊಂಡು 10ರಿಂದ 12ರ ಹೊತ್ತಿಗೆ ಅತಿ ಹೆಚ್ಚಾಗಿ, ಆಮೇಲೆ ಅನೇಕರಲ್ಲಿ ಇಳಿಯುತ್ತವೆ. ಗುಂಯ್‌ಗುಡುವುದಕ್ಕೂ ಟಿಕ್‌ಗೂ ವ್ಯತ್ಯಾಸ ಹೀಗೆ: ಗುಂಯ್‌ಗುಡುವುದು ದೀರ್ಘ, ಲಯಬದ್ಧ, ಮಗುವಿಗೆ ಹಿತ. ಟಿಕ್ ಕ್ಷಣಿಕ, ಥಟ್ಟನೆ ಬರುವಂಥದ್ದು, ಮಗುವಿಗೆ ಹಿತವಲ್ಲ. ಸೀನು ಬರುವ ಮುನ್ನ ಮೂಗಿನಲ್ಲಿ ಆಗುವಂಥ ಒತ್ತಡ ಮೊದಲು ಬರುತ್ತದೆ, ಸದ್ದು ಹೊರಟ ಮೇಲೆ ಇಳಿಯುತ್ತದೆ. ಸಣ್ಣ ಮಕ್ಕಳಿಗೆ ಇದನ್ನು ಹೇಳಲು ಬರುವುದಿಲ್ಲ. ಸ್ವಲ್ಪ ಹೊತ್ತು ತಡೆಹಿಡಿಯಬಲ್ಲರು, ಆದರೆ ಅಷ್ಟು ಹೊತ್ತು ಪಾಠದ ಕಡೆ ಗಮನ ಇರುವುದಿಲ್ಲ. ‘ಮನಸ್ಸು ಮಾಡಿದರೆ ನಿಲ್ಲಿಸ್ತಾನೆ ನೋಡಿ’ ಎನ್ನುವ ಆರೋಪ ಇಲ್ಲಿಂದಲೇ ಹುಟ್ಟುವುದು.

ಒಂದಕ್ಕಿಂತ ಹೆಚ್ಚು ಅಂಗಚಲನೆಯ ಟಿಕ್ (ಕಣ್ಣು ಮಿಟುಕಿಸುವುದು, ಹೆಗಲು ಕುಣಿಸುವುದು) ಮತ್ತು ಕನಿಷ್ಠ ಒಂದು ಧ್ವನಿ ಟಿಕ್ ಸೇರಿ ಶುರುವಾಗಿ ಒಂದು ವರ್ಷ ದಾಟಿದರೆ ಟುರೆಟ್ ಎನ್ನುತ್ತೇವೆ. ಆಟಿಸಂ ಜೊತೆ ಅದೂ ಇರಬಹುದು. ಸದ್ಯಕ್ಕೆ ತರಗತಿಯಲ್ಲಿ ಆ ‘ಹಿಕ್’ ಕೇಳಿಸಲೇ ಇಲ್ಲ ಎಂಬಂತಿರಿ. ಮಾತೆತ್ತಿದಷ್ಟೂ ಟಿಕ್ ಹೆಚ್ಚುತ್ತದೆ. ನಿದ್ದೆಗೆಟ್ಟ ದಿನ, ಪರೀಕ್ಷೆ, ಸಂಭ್ರಮ ಕೂಡ ಹೆಚ್ಚಿಸುತ್ತವೆ. ಕೆಮ್ಮಿನ ಸಿರಪ್ ನಿಲ್ಲಿಸುವ ಮೊದಲು ಅಲರ್ಜಿ, ಅಸ್ತಮಾ ಇಲ್ಲವೆಂದು ಮಕ್ಕಳ ವೈದ್ಯರು ಒಮ್ಮೆ ನೋಡಲಿ. ಟಿಕ್‌ನಿಂದ ನೋವು ಅಥವಾ ಓದಿಗೆ ಅಡ್ಡಿ ಆದರೆ ಮೊದಲ ಆಯ್ಕೆ ವರ್ತನಾ ತರಬೇತಿ. ಅದರಲ್ಲಿ ಒತ್ತಡ ಬಂದಾಗ ಬೇರೊಂದು ಚಲನೆ ಮಾಡುವುದನ್ನು ಕಲಿಸುತ್ತಾರೆ, ಗಂಟಲ ಟಿಕ್‌ಗೆ ಮೂಗಿನಿಂದ ನಿಧಾನ ಉಸಿರು. ಕ್ಲೋನಿಡಿನ್ ಮಾತ್ರೆ ಆಮೇಲಿನ ಮಾತು. ಅದು ತೂಕಡಿಕೆ ತರುತ್ತದೆ, ರಕ್ತದೊತ್ತಡ ಇಳಿಸುತ್ತದೆ, ಥಟ್ಟನೆ ನಿಲ್ಲಿಸಿದರೆ ರಕ್ತದೊತ್ತಡ ಏರುತ್ತದೆ. ಗುಂಯ್‌ಗುಡುವುದಕ್ಕಾಗಲಿ ಮರುನುಡಿಗಾಗಲಿ ಔಷಧ ಇಲ್ಲ, ಬೇಕಾಗಿಯೂ ಇಲ್ಲ.

ತಡ ಮಾಡಬಾರದ ಸಂಗತಿಗಳು: ಸದ್ದು ಅಥವಾ ನಗು ಪ್ರತಿ ಸಲ ಅಚ್ಚಿಳಿದಂತೆ ಒಂದೇ ರೀತಿ ಇದ್ದು, ಆ ಹೊತ್ತು ಕರೆದರೂ ಮುಟ್ಟಿದರೂ ಸ್ಪಂದಿಸದೆ, ತುಟಿ ಚಪ್ಪರಿಸುತ್ತಾ ದಿಟ್ಟಿಸುತ್ತಾ, ಮುಗಿದ ಮೇಲೆ ಸುಸ್ತಾದರೆ ಅದು ಫಿಟ್ಸ್ ಇರಬಹುದು. ಆಟಿಸಂ ಇರುವವರಲ್ಲಿ ಫಿಟ್ಸ್ ಉಳಿದವರಿಗಿಂತ ಹೆಚ್ಚು. ಮೊಬೈಲಿನಲ್ಲಿ ಮುಖ ಮತ್ತು ಎರಡೂ ಕೈ ಕಾಣುವ ಹಾಗೆ ವಿಡಿಯೊ ಮಾಡಿ ಮನೆಯವರ ಕೈಯಲ್ಲಿ ವೈದ್ಯರಿಗೆ ಕಳಿಸಿ. ಇಇಜಿ (ಮಿದುಳಿನ ವಿದ್ಯುತ್ ಚಟುವಟಿಕೆಯ ಪರೀಕ್ಷೆ) ಒಮ್ಮೆ ನಾರ್ಮಲ್ ಬಂದ ಮಾತ್ರಕ್ಕೆ ಫಿಟ್ಸ್ ಇಲ್ಲವೆಂದಲ್ಲ, ನಿದ್ದೆಯಲ್ಲೂ ತೆಗೆಸಬೇಕಾಗುತ್ತದೆ. ಇದ್ದ ಮಾತು ಹೋಗತೊಡಗಿದರೂ ಕೂಡಲೇ ತೋರಿಸಿ. ಹೊಸದಾಗಿ ಶುರುವಾದ ಕಿರುಚಾಟಕ್ಕೆ ಹಲ್ಲುನೋವು, ಕಿವಿಸೋಂಕು, ಮಲಬದ್ಧತೆ, ಎದೆಯುರಿ ಇವನ್ನು ಮೊದಲು ನೋಡಿ. ನೋವನ್ನು ಹೇಳಲು ಬಾರದ ಮಗು ಅದನ್ನು ಹೀಗೇ ಹೇಳುತ್ತದೆ.

ಆಕ್ಯುಪೇಷನಲ್ ಥೆರಪಿ, ಠಾಣೆ

ಟೀಚರ್, ಮೊದಲನೇದು ಮತ್ತ ನಾಲ್ಕನೇದು ನನಗ ಬಿಡ್ರಿ.

ಬಾಯಿ ಮುಚ್ಚಿ ಗುಂಯ್ ಅಂದ್ರ ಆ ಕಂಪನ ದವಡಿ, ತಲಿ ಎಲುಬಿನ ಮೂಲಕ ಕಿವಿಗೆ ಹೋಗ್ತದ. ಹೊರಗಿನ ಸದ್ದು ಅದರ ಹಿಂದ ಮುಚ್ಚಿಹೋಗ್ತದ. ಅಂದ್ರ ನಿಮ್ಮ ಕ್ಲಾಸಿನಾಗ ಏನೋ ಅವಗ ಚುಚ್ಚಲಿಕ್ಕತ್ತದ. ಒಂದ್ಸಲ ಅವನ ಬೆಂಚಿನ ಮ್ಯಾಲೆ ಹತ್ತು ನಿಮಿಷ ಸುಮ್ನ ಕೂತು ಕೇಳ್ರಿ: ಫ್ಯಾನಿನ ಕರಕರ, ಟ್ಯೂಬ್‌ಲೈಟಿನ ಚೋಕ್, ಕುರ್ಚಿ ಎಳೆಯೋ ಸದ್ದು. ಚೋಕ್ ಟ್ಯೂಬ್ ತಗದು ಎಲ್‌ಇಡಿ ಹಾಕಸ್ರಿ. ಕುರ್ಚಿ ಕಾಲಿಗೆ ಹಳೇ ಟೆನಿಸ್ ಬಾಲ್ ಕೊಯ್ದು ಸಿಗಿಸ್ರಿ. ಅವನ ಜಾಗ ಬಾಗಿಲಿಂದ, ಫ್ಯಾನಿನಿಂದ ದೂರ, ಬೆನ್ನ ಹಿಂದ ಗೋಡಿ ಇರೋ ಕಡೆ ಮಾಡ್ರಿ.

‘ಸುಮ್ನಿರು’ ಬ್ಯಾಡ. 0ದಿಂದ 4ರ ತನಕ ಸದ್ದಿನ ಏಣಿ ಬರದು ಅಂಟಸ್ರಿ: 0 ಮೌನ, 1 ತನಗಷ್ಟೇ ಕೇಳೋದು, 2 ಪಕ್ಕದವಗ, 3 ಇಡೀ ಕ್ಲಾಸಿಗೆ, 4 ಮೈದಾನಕ್ಕ. ಬರಿಯುವಾಗ 1ರಾಗ ಗುಂಯ್ ಅನ್ನಲಿಕ್ಕ ಪರವಾನಗಿ ಇರಲಿ. ಇದನ್ನ ಅವ ಶಾಂತ ಇದ್ದಾಗ ಆಟದಂಗ ಕಲಸ್ರಿ, ದಿನಾ 5 ನಿಮಿಷ, ಎರಡು ಮೂರು ವಾರ. ಸದ್ದು ಏರಿದಾಗ ಕಲಸಲಿಕ್ಕ ಹೋದ್ರ ತಲಿಗೆ ಹೋಗೂದಿಲ್ಲ. ಬಾಯಿ ಮ್ಯಾಲೆ ಕೈ ಇಡೂದು, ಮೌನಕ್ಕ ಚಾಕಲೇಟ್ ಕೊಡೂದು ಮಾಡಬ್ಯಾಡ್ರಿ. ಸದ್ದು ನಿಲ್ತದ ಖರೆ, ಆದ್ರ ಅದೇ ತಳಮಳ ಕೈ ಕಚ್ಚಿಕೊಳ್ಳೋದಾಗಿ ಹೊರಗ ಬರಬಹುದು.

ಡಬ್ಬಿ ಬಿಡುವು ಮುಗಿದ ಮ್ಯಾಲೆ ಕಿರುಚ್ತಾನ ಅಂದ್ರಿ. ಬಿಡುವಿನಾಗ ಸ್ಟೀಲ್ ಡಬ್ಬಿ, ಓಟ, ಗಂಟಿ ಎಲ್ಲಾ ಸೇರಿ ಕೊಡ ತುಂಬಿರ್ತದ. ಗಂಟಿಗೆ 5 ನಿಮಿಷ ಮೊದಲ ಅವನ್ನ ಒಳಗ ಕರಕೊಂಡ್ರ ನೋಡ್ರಿ. ಕಿರುಚಾಟ ಶುರು ಆದ ಮ್ಯಾಲೆ ಪ್ರಶ್ನಿ ಕೇಳಬ್ಯಾಡ್ರಿ, ಹಿಡಕೊಂಡು ಎಳೀಬ್ಯಾಡ್ರಿ. ಉಳಿದ ಮಕ್ಕಳನ್ನ ಸರಿಸಿ, ದೀಪ ಆರಿಸಿ, ಎರಡೇ ಶಬ್ದ: ‘ಇಲ್ಲೇ ಇದೀನಿ.’ ಅರ್ಧ ತಾಸು ಹಿಡೀಬಹುದು. ಮುಗಿದ ಮ್ಯಾಲೆ ನೀರು ಕೊಡ್ರಿ, ಬೈಗುಳ ಬ್ಯಾಡ, ಅವತ್ತು ಹೊಸ ಪಾಠನೂ ಬ್ಯಾಡ.

ಕಿವಿಗೆ ಹಾಕೋ ಇಯರ್‌ಮಫ್ ಗಣಪತಿ ಢೋಲ್-ತಾಶಾ, ದೀಪಾವಳಿ ಪಟಾಕಿ, ಶಾಲೆ ಕಾರ್ಯಕ್ರಮಕ್ಕಷ್ಟೇ. ದಿನವಿಡೀ ಹಾಕಿದ್ರ ಸಣ್ಣ ಸದ್ದೂ ಸಹಿಸಲಿಕ್ಕ ಆಗದಂಗ ಆಗ್ತದ.

ಸಿವಿಲ್ ಇಂಜಿನಿಯರ್, ಕಲ್ಯಾಣ

ಮನೆಯ ಗೋಡೆ ವಿಷಯ. ಮೊಟ್ಟೆ ಟ್ರೇ, ಫೋಮ್ ಅಂಟಿಸಿದರೆ ಒಳಗಿನ ಪ್ರತಿಧ್ವನಿ ಕಡಿಮೆಯಾಗುತ್ತದೆಯೇ ಹೊರತು ಸದ್ದು ಆಚೆ ಹೋಗುವುದು ನಿಲ್ಲುವುದಿಲ್ಲ. ತಡೆಯಲು ಬೇಕಾದದ್ದು ಭಾರ ಮತ್ತು ಸಂದಿ ಮುಚ್ಚುವಿಕೆ. ಎರಡೂವರೆ ಅಡಿ ಅಗಲ, 7 ಅಡಿ ಎತ್ತರದ ಬಾಗಿಲ ಕೆಳಗೆ ಅರ್ಧ ಇಂಚು ಸಂದಿ ಇದ್ದರೆ ಅದು ಬಾಗಿಲಿನ ವಿಸ್ತೀರ್ಣದ 1%ಕ್ಕಿಂತ ಕಡಿಮೆ. ಆದರೂ ಆ ಬಾಗಿಲು ಎಷ್ಟೇ ದಪ್ಪವಿರಲಿ, ಸುಮಾರು 22 ಡೆಸಿಬೆಲ್‌ಗಿಂತ ಹೆಚ್ಚು ತಡೆಯಲಾರದು. ಕೆಳಗೆ ರಬ್ಬರ್ ಸೀಲ್, ಚೌಕಟ್ಟಿನ ಮೂರು ಬದಿಗೆ ಫೋಮ್ ಟೇಪ್ ಹಾಕಿಸಿ. ಪಕ್ಕದ ಮನೆಯ ಜೊತೆಗಿರುವ ಗೋಡೆಗೆ ಬಟ್ಟೆ ತುಂಬಿದ ಕಪಾಟು ನಿಲ್ಲಿಸಿ, ಹುಡುಗನ ಹಾಸಿಗೆ ಎದುರು ಗೋಡೆಗೆ ಹೋಗಲಿ. ಅದೇ ಕೋಣೆಯಲ್ಲಿ ಗ್ಯಾಸ್ ಒಲೆ ಇದ್ದರೆ ಎಲ್ಲ ಸಂದಿ ಮುಚ್ಚಲೇಬೇಡಿ, ಗಾಳಿ ಆಡಬೇಕು.

ಜೊತೆಗೆ ಪಕ್ಕದವರಿಗೆ ಮರಾಠಿಯಲ್ಲಿ ಹತ್ತು ಸಾಲಿನ ಪತ್ರ ಕೊಡಲಿ: ಯಾವ ಸದ್ದು, ಏಕೆ, ಯಾವ ಹೊತ್ತು, ಯಾವ ನಂಬರಿಗೆ ಫೋನ್ ಮಾಡಬೇಕು. ಆಟಿಸಂ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳಲ್ಲಿ ಒಂದು. ನಾಲ್ಕು ಜನರೆದುರು ಬೇಕೆಂದೇ ಅವಮಾನಿಸುವುದು ಅದರ 92ನೇ ಕಲಮಿನಡಿ ಅಪರಾಧ. ಆದರೆ ಪತ್ರ ಮೊದಲು, ಕಾಯ್ದೆ ಆಮೇಲೆ.

ಕನ್ನಡ ಶಾಲೆ ಟೀಚರ್, ಮುಂಬಯಿ

ಎಲ್ಲರಿಗೂ ಋಣಿ. ನೋಟ್‌ಬುಕ್ ಇವತ್ತೇ ಶುರು. ಒಂದು ಬಿಟ್ಟಿದ್ದೆ: ನಡುನಡುವೆ ಒಂದು ಮರಾಠಿ ಬೈಗುಳ ಬರುತ್ತದೆ, ಮಕ್ಕಳೆಲ್ಲ ನಗುತ್ತಾರೆ. ಇದೂ ಟಿಕ್ಕಾ?

ಸ್ಪೀಚ್ ಥೆರಪಿಸ್ಟ್, ಪುಣೆ

ಇರಬಹುದು, ಆದರೆ ಸಾಧ್ಯತೆ ಕಡಿಮೆ. ಟುರೆಟ್ ಇರುವವರಲ್ಲೂ ಹೊಲಸು ಮಾತಿನ ಟಿಕ್ ಬರುವುದು ನೂರಕ್ಕೆ 10ರಿಂದ 15 ಮಂದಿಯಲ್ಲಿ. ಆಟಿಸಂನಲ್ಲಿ ಹೆಚ್ಚಾಗಿ ಅದೂ ಮರುನುಡಿಯೇ: ಯಾರೋ ಸಿಟ್ಟಿನಲ್ಲಿ ಜೋರಾಗಿ ಹೇಳಿದ್ದು, ಆ ಏರುದನಿಯ ಸಮೇತ ಕೂತುಬಿಟ್ಟಿದೆ. ಸಿಟ್ಟು ಬಂದಾಗಲೇ ಹೇಳುತ್ತಾನಾ ನೋಡಿ. ಹೌದಾದರೆ ಅಷ್ಟೇ ಬಿರುಸಾದ ಇನ್ನೊಂದು ಮಾತು ಕೊಡಿ, ‘ಸಾಕಪ್ಪಾ ಸಾಕು!’ ಎಂಬಂಥದ್ದು, ಅದೇ ಏರುದನಿಯಲ್ಲಿ ನೀವೇ ಹೇಳಿ ತೋರಿಸಿ. ನಗುವ ಮಕ್ಕಳ ಜೊತೆ ಅವನಿಲ್ಲದ ಹೊತ್ತಲ್ಲಿ ಮಾತಾಡಿ, ಆದರೆ ಮೊದಲು ಅವನ ಅಮ್ಮನ ಒಪ್ಪಿಗೆ ಕೇಳಿ. ಅವನ ಬಗ್ಗೆ ಏನು ಹೇಳಬಹುದು, ಏನು ಬೇಡ ಎಂದು ಅವರೇ ನಿರ್ಧರಿಸಲಿ.