ದುಬಾರಿ ಎಸ್ಟೇಟ್ ಕಾರಿನ ಸೀಟು, ಎಸಿ, ಸನ್‌ರೂಫ್: ಮಿಸ್ತ್ರಿ ಅಣ್ಣನನ್ನು ಕೇಳಿ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿಯಲ್ಲಿ 19 ವರ್ಷದಿಂದ ಕಾರಿನ ಎಸಿ, ವೈರಿಂಗ್, ಸೀಟಿನ ಕೆಲಸ ಮಾಡುತ್ತಿರುವ ನಮ್ಮ ಮಿಸ್ತ್ರಿ ಅಣ್ಣ ಇವತ್ತು ಸಂಜೆ ಉತ್ತರ ಕೊಡುತ್ತಾರೆ. ಎಸ್ಟೇಟ್ ಅಂದರೆ ಛಾವಣಿ ಹಿಂದಿನ ಡಿಕ್ಕಿಯವರೆಗೂ ಉದ್ದಕ್ಕೆ ಹೋಗುವ ಕಾರು. ಕಾರಿನ ಒಳಗಿನ ಸಂಗತಿ ಮಾತ್ರ ಕೇಳಿ. ಎಂಜಿನ್, ಮೈಲೇಜ್ ಇವತ್ತು ಬೇಡ.

ಗದಗಿನ ಕಿರಾಣಿ ಅಂಗಡಿಯವರು: ಅಣ್ಣಾ, ಲೆದರ್ ಸೀಟು ಬಿರಿಯಬಾರದು ಅಂದರೆ ಕೊಬ್ಬರಿ ಎಣ್ಣೆ ಹಚ್ಚಬೇಕು ಅಂತ ವಾಟ್ಸಾಪ್‌ನಲ್ಲಿ ಬಂದಿದೆ. ಹಚ್ಚಬಹುದಾ?

ಮಿಸ್ತ್ರಿ: ಬೇಡ್ರಿ. ಈಗಿನ ಕಾರಿನ ಲೆದರ್ ಮೇಲೆ ತೆಳ್ಳಗೆ ಒಂದು ಕೋಟಿಂಗ್ ಇರುತ್ತದೆ. ಎಣ್ಣೆ ಅದರ ಮೇಲೇ ಕೂತು ಧೂಳು ಹಿಡಿಯುತ್ತದೆ. ಗಾಳಿ ಬರುವ ಸೀಟಾದರೆ ಇನ್ನೂ ಕಷ್ಟ. ಸಣ್ಣ ತೂತುಗಳಿಂದ ಎಣ್ಣೆ ಸ್ಪಂಜಿಗೆ ಇಳಿಯುತ್ತದೆ. ನಿಮ್ಮ ಕಡೆಯ ಎರೆಮಣ್ಣಿನ ಧೂಳು ಸೇರಿತೆಂದರೆ ತೂತು ಮುಚ್ಚಿಹೋಯಿತು. ಅಡಿಯಲ್ಲಿ ಫ್ಯಾನು ತಿರುಗುತ್ತಿರುತ್ತದೆ, ಗಾಳಿ ಬರುವುದಿಲ್ಲ. ಬಟ್ಟೆ ಒದ್ದೆ ಮಾಡಿ, ಚೆನ್ನಾಗಿ ಹಿಂಡಿ, ಒರೆಸಿ. ಬಿಸಿಲಲ್ಲಿ ನಿಲ್ಲಿಸಿದರೆ ಗಾಜಿಗೆ ಪರದೆ ಹಾಕಿ.

ಕೆಲಗೇರಿ ಮೇಷ್ಟ್ರು: ಎರಡು ತಿಂಗಳ ಹಿಂದೆ ಬೆಂಗಳೂರಿನಿಂದ ಒಂದು ಹಳೇ ಜರ್ಮನ್ ಎಸ್ಟೇಟ್ ತಂದೆ. ಒಳಗೆ ಕೂತರೆ ಮನೆಯ ಸೋಫಾಕ್ಕಿಂತ ಚೆನ್ನ. ಆದರೆ ಧಾರವಾಡದ ಜಿಟಿಜಿಟಿ ಮಳೆ ಹಿಡಿದಾಗಿನಿಂದ ಒದ್ದೆ ಗೋಣಿಚೀಲದ ವಾಸನೆ. ಬೆಳಿಗ್ಗೆ ಗಾಜಿನ ಒಳಗಡೆ ಮಂಜು. ಮೊನ್ನೆ ಮ್ಯೂಸಿಕ್ ನಿಂತಿತು, ಆಮೇಲೆ ಸ್ಕ್ರೀನೂ ಕಪ್ಪಾಯಿತು. ನಿನ್ನೆ ರಾತ್ರಿ 2 ಗಂಟೆಗೆ ಡಿಕ್ಕಿ ಬಾಗಿಲು ತಾನೇ ತೆರೆದುಕೊಂಡಿತ್ತು. ಹೊಸ ಸ್ಕ್ರೀನ್ ಹಾಕಿಸಿ ಅಂತ ಒಬ್ಬರು ಹೇಳಿದರು.

ಮಿಸ್ತ್ರಿ: ಮೇಷ್ಟ್ರೇ, ಸ್ಕ್ರೀನಿಗೆ ಒಂದು ರೂಪಾಯಿ ಕೊಡಬೇಡಿ. ನಿಮ್ಮದು ದೊಡ್ಡ ಸನ್‌ರೂಫ್ ಇರುವ ಗಾಡಿ, ಅಲ್ವಾ? ಮನೆ ಮುಂದೆ ಮರ ಇದೆಯಾ?

ಕೆಲಗೇರಿ ಮೇಷ್ಟ್ರು: ಹೌದು. ಬೇವಿನ ಮರ. ಅದರ ಕೆಳಗೇ ನಿಲ್ಲಿಸುತ್ತೇನೆ.

ಮಿಸ್ತ್ರಿ: ಹಾಗಾದರೆ ಪೂರ್ತಿ ಓದಿ. ಸನ್‌ರೂಫಿನ ರಬ್ಬರ್ ನೀರನ್ನು ಪೂರ್ತಿ ತಡೆಯುವುದಿಲ್ಲ. ಅದನ್ನು ಮಾಡಿರುವುದೇ ಹಾಗೆ. ಒಳಗೆ ಬಂದ ನೀರು ಸುತ್ತಲಿನ ತಟ್ಟೆಗೆ ಬೀಳುತ್ತದೆ, ಮೂಲೆಯ ಪೈಪುಗಳಿಂದ ಕೆಳಗಿಳಿದು ಹೊರಗೆ ಹೋಗುತ್ತದೆ. ಮುಂದಿನವು ಮುಂದಿನ ಗಾಜಿನ ಪಕ್ಕದ ಕಂಬದೊಳಗೆ ಇಳಿಯುತ್ತವೆ. ಎಸ್ಟೇಟಿಗೆ ಛಾವಣಿ ಉದ್ದ, ಹಾಗಾಗಿ ಹಿಂದಿನವು ಡಿಕ್ಕಿಯ ಪಕ್ಕದಲ್ಲಿ ಇಳಿಯುತ್ತವೆ. ಬೇವಿನ ಹೂವು, ಧೂಳು ಸೇರಿ ಪೈಪು ಕಟ್ಟಿದರೆ ನೀರು ಡಿಕ್ಕಿಯ ನೆಲದ ಕೆಳಗೆ ಹೋಗಿ ನಿಲ್ಲುತ್ತದೆ.

ನನ್ನ ಹೆದರಿಕೆ ಇರುವುದು ಅಲ್ಲಿ. ಇಂಥ ಎಷ್ಟೋ ಗಾಡಿಗಳಲ್ಲಿ ಮ್ಯೂಸಿಕ್ ಆಂಪ್ಲಿಫೈಯರ್, ಡಿಕ್ಕಿ ಬಾಗಿಲಿನ ಕಂಟ್ರೋಲ್, ಕೆಲವದರಲ್ಲಿ ಬ್ಯಾಟರಿಯೂ ಹಿಂದೆಯೇ ಇರುತ್ತದೆ. ಅಂಥ ಎಷ್ಟೋ ಹಳೇ ಜರ್ಮನ್ ಗಾಡಿಗಳಲ್ಲಿ ಸ್ಕ್ರೀನ್, ರೇಡಿಯೋ, ಆಂಪ್ಲಿಫೈಯರ್ ಒಂದೇ ಬೆಳಕಿನ ತಂತಿಯ (ಫೈಬರ್ ಆಪ್ಟಿಕ್) ಬಳೆಯಲ್ಲಿ ಪೋಣಿಸಿದ ಹಾಗೆ ಇರುತ್ತವೆ. ಹಿಂದಿನ ಒಂದು ಎಲೆಕ್ಟ್ರಾನಿಕ್ ಡಬ್ಬಿ ಸತ್ತರೆ ಬಳೆ ಒಡೆಯಿತು, ಮುಂದಿನ ಸ್ಕ್ರೀನೂ ಹೋಯಿತು. ಹೊಸ ಸ್ಕ್ರೀನ್ ಹಾಕಿದರೆ ಅದೂ ಕಪ್ಪೇ ಇರುತ್ತದೆ.

ಇವತ್ತೇ ಹೀಗೆ ಮಾಡಿ. ಗಾಡಿಯನ್ನು ಪೋರ್ಚ್ ಒಳಗೆ ನಿಲ್ಲಿಸಿ. ಡಿಕ್ಕಿ ಬಾಗಿಲು ತೆರೆದಿಟ್ಟು, ಆಮೇಲೆ ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ. ಮೊದಲೇ ಬಾಗಿಲು ಮುಚ್ಚಿದರೆ ಕರೆಂಟಿಲ್ಲದೆ ತೆರೆಯುವುದು ಕಷ್ಟ. ಹಿಂದಿನ ಕಾರ್ಪೆಟ್ ಮೇಲೆ ಅಂಗೈ ಒತ್ತಿ ನೋಡಿ. ಬೆರಳ ಸಂದಿಯಲ್ಲಿ ನೀರು ಬಂದರೆ ನನಗೆ ತಿಳಿಸಿ. ಹಳದಿ ಕನೆಕ್ಟರ್ ಕಂಡರೆ ಮುಟ್ಟಬೇಡಿ, ಅದು ಏರ್‌ಬ್ಯಾಗಿನದು.

ಕುಂದಗೋಳ ಹುಡುಗ: ಲೆದರ್ ಸೀಟಿಗೆ ಕೊಬ್ಬರಿ ಎಣ್ಣೆ ಒಳ್ಳೆಯದಾ ಸರ್?

ಮಿಸ್ತ್ರಿ: ಮೇಲೆ ಹೇಳಿದ್ದೇನೆ.

ಬ್ಯಾಡಗಿ ವ್ಯಾಪಾರಿ: ನನ್ನ ಎಸ್ಟೇಟಿನಲ್ಲಿ ಮೆಣಸಿನಕಾಯಿ ಚೀಲ ಹಾಕಿದ್ದೆ. ಹದಿನೈದು ದಿನ ಆಯಿತು, ಎಸಿ ಹಾಕಿದರೆ ಇನ್ನೂ ಘಾಟು. ಕರ್ಪೂರ ಇಡಲಾ?

ಮಿಸ್ತ್ರಿ: ಕರ್ಪೂರ ಬೇಡ, ಡಾಂಬರ ಗುಳಿಗೆಯೂ ಬೇಡ. ಗಾಜು ಮುಚ್ಚಿದ ಕಾರಿನಲ್ಲಿ ಮಕ್ಕಳು ಆ ಗಾಳಿಯನ್ನೇ ಉಸಿರಾಡಬೇಕು. ಎಸ್ಟೇಟಿನಲ್ಲಿ ಡಿಕ್ಕಿಗೂ ಸೀಟಿಗೂ ನಡುವೆ ಗೋಡೆ ಇಲ್ಲ, ಪುಡಿ ಎಲ್ಲಾ ಕಡೆ ಹಾರಿದೆ. ವ್ಯಾಕ್ಯೂಮ್ ಹೊಡೆಸಿ, ಎಸಿ ಗಾಳಿ ಸೋಸುವ ಕ್ಯಾಬಿನ್ ಫಿಲ್ಟರ್ ಬದಲಿಸಿ. ಹಳೆಯದನ್ನು ಝಾಡಿಸಿ ಮತ್ತೆ ಹಾಕಬೇಡಿ.

ನವನಗರ ಎಸ್‌ಯುವಿ: ಇಷ್ಟು ದುಡ್ಡು ಕೊಟ್ಟು ಆಂಬುಲೆನ್ಸ್ ಆಕಾರದ ಗಾಡಿ ಯಾಕೆ ತಗೋತೀರಿ? ಮಾರಲು ಹೋದರೆ ಕೇಳೋರಿಲ್ಲ.

ಬ್ಯಾಡಗಿ ವ್ಯಾಪಾರಿ: ನಮ್ಮ ಅವ್ವನಿಗೆ 74. ಮೊಣಕಾಲು ನೋವು. ನಿಮ್ಮ ಗಾಡಿ ಹತ್ತಲು ಅವಳಿಗೆ ಸ್ಟೂಲ್ ಬೇಕು. ಇದರಲ್ಲಿ ಸುಮ್ನೆ ತಿರುಗಿ ಕೂರುತ್ತಾಳೆ.

ನವನಗರ ಎಸ್‌ಯುವಿ: ಅದಕ್ಕೆ ಸೆಡಾನ್ ಸಾಕಲ್ಲ. ಈ ದೇಶದಲ್ಲಿ ಎಸ್ಟೇಟ್ ಯಾವತ್ತೂ ನಡೆದಿಲ್ಲ.

ಅಣ್ಣಿಗೇರಿ ಕಾರುಪ್ರೇಮಿ: 1992ರಲ್ಲೇ ಟಾಟಾ ಎಸ್ಟೇಟ್ ಬಂದಿತ್ತು. 2017ರಲ್ಲಿ ವೋಲ್ವೋ ವಿ90 ಕ್ರಾಸ್ ಕಂಟ್ರಿ, 2018ರಲ್ಲಿ ಬೆಂಜ್ ಇ-ಕ್ಲಾಸ್ ಆಲ್-ಟೆರೇನ್. ತಿಳಿದುಕೊಂಡು ಮಾತಾಡಿ.

ನವನಗರ ಎಸ್‌ಯುವಿ: ಬಂದವು, ಎಷ್ಟು ಮಾರಾಟವಾದವು? ನೀವೇ ಒಂದು ತಗೊಳ್ಳಿ ನೋಡೋಣ.

ಅಣ್ಣಿಗೇರಿ ಕಾರುಪ್ರೇಮಿ: ನನ್ನ ಜೇಬಿನ ಮಾತು ನಿಮಗೆ ಬೇಡ.

ಅಡ್ಮಿನ್: ಇಬ್ಬರೂ ನಿಲ್ಲಿಸಿ.

ಹಾವೇರಿ ಅಕ್ಕ: ಸೀಟು ಹೊಲಸಾಗಬಾರದು ಅಂತ ದಪ್ಪ ಕವರ್ ಹಾಕಿಸಬೇಕು. ಯಾವುದು ಒಳ್ಳೆಯದು? ಫೋನ್ ಜೋಡಿಸಿದರೆ ಮ್ಯಾಪ್ ಪದೇ ಪದೇ ಕಟ್ ಆಗುತ್ತದೆ, ಅದಕ್ಕೇನು ಮಾಡಲಿ?

ಮಿಸ್ತ್ರಿ: ಅಕ್ಕಾರೇ, ಸೀಟಿನ ಬದಿಯಲ್ಲಿ ಏರ್‌ಬ್ಯಾಗ್ ಅಂತ ಸಣ್ಣ ಪಟ್ಟಿ ಇದೆಯಾ ನೋಡಿ. ಇದ್ದರೆ ದಪ್ಪ ಕವರ್ ಹಾಕಿಸಬೇಡಿ. ಜಗತ್ತಿನಲ್ಲಿ ಮೊದಲು ಬದಿ ಏರ್‌ಬ್ಯಾಗ್ ಬಂದದ್ದು 1994ರಲ್ಲಿ, ವೋಲ್ವೋ 850 ಗಾಡಿಗೆ. ಅದು ಸೀಟಿನೊಳಗೇ ಇತ್ತು. ಈಗಲೂ ಹೆಚ್ಚಾಗಿ ಹಾಗೇ. ಹೊಲಿಗೆ ಒಡೆದು ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಹೊರಬರಬೇಕು. ಮೇಲೆ ಬಿಗಿ ಕವರ್ ಇದ್ದರೆ ತಡೆಯುತ್ತದೆ. ನಾನು ಅಂಥ ಸೀಟಿಗೆ ಬಿಗಿ ಕವರ್ ಹೊಲಿಯುವುದಿಲ್ಲ, ಗಿರಾಕಿ ಹೋದರೂ ಸರಿ.

ನವನಗರ ಎಸ್‌ಯುವಿ: ಫಾರ್ವರ್ಡ್: "ಸನ್‌ರೂಫ್ ಪೈಪ್ ಕಟ್ಟಿದರೆ ಪಂಚರ್ ಅಂಗಡಿಯ ಗಾಳಿ ಜೋರಾಗಿ ಹೊಡೆಯಿರಿ. ಡಬ್ಬಿ ಒದ್ದೆಯಾದರೆ ಅಕ್ಕಿಯಲ್ಲಿ ಹೂತಿಡಿ."

ಮಿಸ್ತ್ರಿ: ಇದನ್ನು ದಯವಿಟ್ಟು ಅಳಿಸಿ. ಆ ಜೋರಿಗೆ ಪೈಪು ಒಳಗಡೆ ಕಳಚಿಕೊಳ್ಳುತ್ತದೆ. ಆಮೇಲೆ ಛಾವಣಿ ಬಟ್ಟೆ ಇಳಿಸಿ ಹುಡುಕಬೇಕು. ಮೆತ್ತಗಿನ ತಂತಿ ಹಾಕಿ ನಿಧಾನ ಬಿಡಿಸಬೇಕು. ಅಕ್ಕಿ ಊಟಕ್ಕೆ. ಕಿಲುಬು ಹಿಡಿದ ಪಿನ್ನಿಗೆ ಅಕ್ಕಿ ಏನೂ ಮಾಡುವುದಿಲ್ಲ.

ನವನಗರ ಎಸ್‌ಯುವಿ: ಒಳ್ಳೆಯದಾಗಲಿ ಅಂತ ಹಾಕಿದೆ. ಹೀಗೆ ಮಾತಾಡಬೇಕಾ?

ಮಿಸ್ತ್ರಿ: ಕಳೆದ ಮಳೆಗಾಲದಲ್ಲಿ ಇದನ್ನೇ ಓದಿ ಮಾಡಿದ ಮೂರು ಗಾಡಿ ನನ್ನ ಹತ್ತಿರ ಬಂದವು. ಹೀಗೇ ಮಾತಾಡಬೇಕು.

ಕುಂದಗೋಳ ಹುಡುಗ: ಕೊಬ್ಬರಿ ಎಣ್ಣೆ ಬದಲು ಆಲಿವ್ ಎಣ್ಣೆ?

ಅಣ್ಣಿಗೇರಿ ಕಾರುಪ್ರೇಮಿ: ತಮ್ಮಾ, ಮೇಲೆ ಓದಪ್ಪ.

ಕೆಲಗೇರಿ ಮೇಷ್ಟ್ರು: ಕಾರ್ಪೆಟ್ ಒತ್ತಿದೆ, ಅಂಗೈ ತೋಯಿತು. ಸ್ಪೇರ್ ಟೈರ್ ಎತ್ತಿದರೆ ಕೆಳಗೆ ನಾಲ್ಕು ಬೆರಳು ನೀರು. ಕಪ್ಪು ಡಬ್ಬಿ ಅರ್ಧ ಮುಳುಗಿದೆ. ತಂತಿಯ ಬಾಯಲ್ಲಿ ಹಸಿರು ಕಿಲುಬು.

ಮಿಸ್ತ್ರಿ: ಬ್ಯಾಟರಿ ಬಿಚ್ಚಿದ್ದೀರಾ? ಮೊದಲು ಅದನ್ನು ಹೇಳಿ.

ಕೆಲಗೇರಿ ಮೇಷ್ಟ್ರು: ಬಿಚ್ಚಿದ್ದೇನೆ. ಗಾಡಿ ಪೋರ್ಚ್‌ನಲ್ಲಿದೆ, ಡಿಕ್ಕಿ ತೆರೆದೇ ಇದೆ.

ಹಾವೇರಿ ಅಕ್ಕ: ಅಣ್ಣಾ, ನನ್ನ ಫೋನಿನ ಪ್ರಶ್ನೆ ಹಾಗೇ ಉಳಿಯಿತು.

ಮಿಸ್ತ್ರಿ: ಮೇಷ್ಟ್ರೇ, ನೀರನ್ನು ಮಗ್ಗಿನಿಂದ ಎತ್ತಿ, ಉಳಿದದ್ದು ಬಟ್ಟೆಯಿಂದ ಹೀರಿಸಿ. ಡಬ್ಬಿ ಎಳೆಯಬೇಡಿ. ಕಾರ್ಪೆಟ್ ಕೆಳಗೆ ಟೇಬಲ್ ಫ್ಯಾನ್ ಇಡಿ. ಸ್ಟಾರ್ಟ್ ಮಾಡಿ ಇಲ್ಲಿಗೆ ತರುವುದು ಬೇಡ. ನಾಳೆ 10 ಗಂಟೆಗೆ ನಾನೇ ಕೆಲಗೇರಿಗೆ ಬರುತ್ತೇನೆ.